ವಿಸಲ್ ಬಾಯಲ್ಲಿರ್ಲಿ, ಕಣ್ಣು ಡಿಫೆಂಡರ್ ಮೇಲಿರ್ಲಿ: ಬ್ಯಾಸ್ಕೆಟ್‌ಬಾಲಲ್ಲಿ ಯಾವ ಕಾಂಟ್ಯಾಕ್ಟ್ ಊದ್ಬೇಕು, ಯಾವ್ದು ಬಿಡ್ಬೇಕು

ರೆಫ್ರಿ ಆದ ಮೊದಲನೇ ವರ್ಷ ನಾನು ಊದಿದ ಒಂದು ಫೌಲ್ ಇವತ್ತಿಗೂ ತಲೇಲಿ ಕೂತಿದೆ. ಇಂಟರ್ ಕಾಲೇಜ್ ಮ್ಯಾಚು, ಸಿಮೆಂಟ್ ಕೋರ್ಟು, ಮಧ್ಯಾಹ್ನದ ಬಿಸಿಲು. ಒಬ್ಬ ಹುಡುಗ ರೈಟ್ ಸೈಡಿಂದ ಡ್ರೈವ್ ಮಾಡ್ಕೊಂಡು, ಅಂದ್ರೆ ಬಾಲ್ ತಟ್ಕೊಂಡು ಬ್ಯಾಸ್ಕೆಟ್ ಕಡೆ ನುಗ್ಗಿ ಬಂದ, ಡಿಫೆಂಡರ್ ಕೈ ಬೀಸ್ದ, ಫಟ್ ಅಂತ ಸೌಂಡ್ ಬಂತು, ನಾನು ಊದ್ಬಿಟ್ಟೆ. ಫೌಲ್ ಅಂತ ಮುಷ್ಟಿ ಮೇಲೆ ಎತ್ತಿದ್ದೂ ಆಯ್ತು. ಟೇಬಲ್ ಕಡೆ ನಡ್ಕೊಂಡು ಹೋಗ್ತಾ ಹೋಗ್ತಾ ನನಗೇ ಡೌಟು ಶುರುವಾಯ್ತು, ಏಟು ಬಿದ್ದಿದ್ದು ಕೈಗಾ ಬಾಲಿಗಾ ಅಂತ. ಇನ್ನೇನ್ ಮಾಡೋದು, ನನ್ನ ಮಣಿಕಟ್ಟಿಗೇ ಹೊಡ್ಕೊಂಡು, ಕೈಗೆ ಬಿದ್ದ ಏಟು ಅಂತ ಸಿಗ್ನಲ್ ಕೊಟ್ಟೆ. ಆ ಡಿಫೆಂಡರ್ ಜಗಳಕ್ಕೆ ಬರ್ಲಿಲ್ಲ, ಸುಮ್ನೆ ಅಂಗೈ ತಿರುಗಿಸಿ ತೋರಿಸ್ದ, ಬಾಲಿನ ಧೂಳು ಅಚ್ಚೊತ್ತಿದ ಹಾಗೆ ಕೂತಿತ್ತು. ಕಣ್ಣಲ್ಲಿ ನೋಡಿ ಊದಿದ ಫೌಲಲ್ಲ ಅದು, ಕಿವೀಲಿ ಕೇಳಿ ಊದಿದ್ದು.

ಹೊಸದಾಗಿ ರೆಫ್ರಿ ಎಕ್ಸಾಮ್ ಪಾಸ್ ಮಾಡಿ ಮ್ಯಾಚ್‌ಗೆ ಇಳೀತಿರೋರಿಗೆ ಇದನ್ನ ಬರೀತಿದೀನಿ. ಟ್ರಾವೆಲಿಂಗು, ಡಬಲ್ ಡ್ರಿಬಲ್, ಮೂರು ಸೆಕೆಂಡು ಇವೆಲ್ಲ ರೂಲ್ ಬುಕ್ ಓದಿದ್ರೆ ಬರುತ್ತೆ. ಕಾಂಟ್ಯಾಕ್ಟ್ ಹಾಗಲ್ಲ, ಅದು ಬುಕ್ಕಲ್ಲಿ ಅರ್ಧ, ಕೋರ್ಟಲ್ಲಿ ಅರ್ಧ. ಇಲ್ಲಿ ಹೇಳೋದೆಲ್ಲ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಫೆಡರೇಶನ್) ರೂಲ್ಸ್ ಪ್ರಕಾರ, ನಮ್ಮಲ್ಲಿ ನಡಿಯೋದು ಅದೇ ತಾನೇ. ಅಮೆರಿಕದ ಪ್ರೊಫೆಷನಲ್ ಲೀಗ್ ಎನ್‌ಬಿಎ ನೋಡಿ ಕಲ್ತಿರೋದನ್ನ ಸ್ವಲ್ಪ ಪಕ್ಕಕ್ಕಿಡಿ.

1891ರಲ್ಲಿ ಸ್ಪ್ರಿಂಗ್‌ಫೀಲ್ಡಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ರೂಲ್ಸಲ್ಲಿ ಐದನೇದು ಭುಜ ಕೊಡಂಗಿಲ್ಲ, ಹಿಡಿಯಂಗಿಲ್ಲ, ತಳ್ಳಂಗಿಲ್ಲ, ಕಾಲ್ ಕೊಡಂಗಿಲ್ಲ, ಹೊಡಿಯಂಗಿಲ್ಲ ಅಂತ ಕಟ್ಟುನಿಟ್ಟಾಗಿತ್ತು, ಎರಡನೇ ಸಲ ಮಾಡಿದ್ರೆ ಮುಂದಿನ ಗೋಲ್ ಬೀಳೋವರೆಗೂ ಆಚೆ ಕೂರ್ಬೇಕಿತ್ತು. ಆದ್ರೆ 28 ಮೀಟರ್ ಉದ್ದ 15 ಮೀಟರ್ ಅಗಲದ ಜಾಗದಲ್ಲಿ ಹತ್ತು ಜನ ಓಡ್ತಿದ್ರೆ, ಅದ್ರಲ್ಲೂ ಎಲ್ಲರೂ ಬ್ಯಾಸ್ಕೆಟ್ ಕೆಳಗೇ ಬಂದು ಸೇರ್ತಿದ್ರೆ, ಮೈಗೆ ಮೈ ತಾಗದೆ ಇರುತ್ತಾ? ತಾಗಿದ್ದನ್ನೆಲ್ಲ ಊದ್ತಾ ಹೋದ್ರೆ ಆಟ ಅಲ್ಲ, ಫ್ರೀ ಥ್ರೋ ಕಾಂಪಿಟೀಶನ್ ಆಗುತ್ತೆ. ಅದಕ್ಕೇ ಈಗಿನ ರೂಲ್ ಬುಕ್ಕಲ್ಲೇ ರೆಫ್ರಿಗಳ ಕರ್ತವ್ಯದ ಭಾಗದಲ್ಲಿ ಸ್ಪಷ್ಟವಾಗಿ ಇದೆ: ಮಾಡಿದವನಿಗೆ ಲಾಭ ಆಗದ, ಎದುರಾಳಿಗೆ ನಷ್ಟ ಆಗದ ಆಕಸ್ಮಿಕ ಕಾಂಟ್ಯಾಕ್ಟ್‌ಗೆ ಆಟ ನಿಲ್ಲಿಸೋಕೆ ಹೋಗ್ಬೇಡಿ ಅಂತ. ನೋ ಕಾಲ್ ಅನ್ನೋದು ರೆಫ್ರಿ ತೋರಿಸೋ ದಾಕ್ಷಿಣ್ಯ ಅಲ್ಲ, ರೂಲ್ ಪ್ರಕಾರಾನೇ ಮಾಡೋ ತೀರ್ಮಾನ. ಆದ್ರೆ ನೋಡಿ ಬಿಟ್ಟಿದ್ದಕ್ಕೆ ಮಾತ್ರ ಆ ಹೆಸರು. ನೋಡದೇ ಬಿಟ್ಟಿದ್ದಕ್ಕೆ ನೋ ಕಾಲ್ ಅಂತ ಹೆಸರಿಟ್ಕೋಬೇಡಿ, ಅದು ಮಿಸ್ ಆಗಿದ್ದು ಅಷ್ಟೇ.

ಸರಿ, ನೋಡೋದು ಹೇಗೆ. ನಮ್ಮ ಕಣ್ಣು ಸಹಜವಾಗಿ ಬಾಲ್ ಹಿಂದೆ ಹೋಗುತ್ತೆ, ಯಾಕಂದ್ರೆ ನಾವೆಲ್ಲ ಪ್ಲೇಯರ್ ಆಗಿದ್ದೋರು, ಇಲ್ಲ ಗ್ಯಾಲರೀಲಿ ಕೂತು ನೋಡ್ದೋರು. ಮೊದಲು ಬಿಡಿಸ್ಬೇಕಾದ ಅಭ್ಯಾಸ ಇದೇ. ಬಾಲ್ ಇಟ್ಕೊಂಡೋನು ಏನ್ ಮಾಡ್ತಾನೆ ಅಂತ ಓರೆಗಣ್ಣಲ್ಲಿ ಗೊತ್ತಾಗುತ್ತೆ, ನೇರವಾಗಿ ನೋಡ್ಬೇಕಾಗಿರೋದು ಡಿಫೆಂಡರ್‌ನ. ಅವನ ಎರಡೂ ಕಾಲು ನೆಲದ ಮೇಲಿತ್ತಾ, ಮುಖ ಎದುರಾಳಿ ಕಡೆ ಇತ್ತಾ, ಆಮೇಲೆ ಅವನು ಪಕ್ಕಕ್ಕೆ ಹಿಂದಕ್ಕೆ ಸರಿದ್ನಾ ಅಥ್ವಾ ಮುಂದಕ್ಕೆ ನುಗ್ಗಿದ್ನಾ. ಇಷ್ಟು ಕಾಂಟ್ಯಾಕ್ಟ್ ಆಗೋಕೂ ಮುಂಚೆನೇ ನಿಮ್ ಹತ್ರ ಇದ್ರೆ, ಢಿಕ್ಕಿ ಆದ ಕ್ಷಣದಲ್ಲಿ ಉತ್ತರ ತಾನಾಗೇ ಬರುತ್ತೆ. ಇಲ್ಲಾಂದ್ರೆ ಬಿದ್ದೋನ್ನ ನೋಡಿ ಊದ್ತೀರಾ. ಬೀಳೋದು ಸಾಕ್ಷಿ ಅಲ್ಲ ಗುರು, ಬೀಳೋಕೆ ಎಲ್ಲರಿಗೂ ಬರುತ್ತೆ, ಅದ್ರಲ್ಲೂ ಕೆಲವರಿಗೆ ಬಹಳ ಚೆನ್ನಾಗಿ ಬರುತ್ತೆ.

33ನೇ ಆರ್ಟಿಕಲ್ಲಲ್ಲಿ ಬರೋ ಸಿಲಿಂಡರ್ ಅನ್ನೋ ಕಲ್ಪನೆ ಮನಸ್ಸಲ್ಲಿ ಚಿತ್ರದ ಹಾಗೆ ಇರ್ಬೇಕು. ಪ್ರತಿ ಪ್ಲೇಯರ್ ಸುತ್ತ ಒಂದು ಕಾಣದ ಕೊಳವೆ ಇದೆ ಅನ್ಕೊಳ್ಳಿ, ಮುಂದೆ ಮೊಣಕೈ ಮಡಚಿ ಎತ್ತಿದ ಅಂಗೈವರೆಗೆ, ಹಿಂದೆ ಕುಂಡೆವರೆಗೆ, ಪಕ್ಕದಲ್ಲಿ ಕೈಕಾಲಿನ ಹೊರ ಅಂಚಿನವರೆಗೆ, ಮೇಲೆ ಆಕಾಶದವರೆಗೆ. ಅದರೊಳಗೆ ಅವನು ನೇರ ಮೇಲಕ್ಕೆ ಹಾರಿದ್ರೆ, ಎದುರಿನೋನು ಬಂದು ಗುದ್ದಿ ಕೆಳಗೆ ಬಿದ್ರೂ ಡಿಫೆಂಡರ್ ತಪ್ಪಿಲ್ಲ. ಇದನ್ನ ಊದ್ದೇ ಇರೋದು ಕಷ್ಟದ ಕೆಲಸ, ಯಾಕಂದ್ರೆ ಗುದ್ದು ಜೋರಾಗಿರುತ್ತೆ, ಬೆಂಚ್ ಎದ್ದು ನಿಂತಿರುತ್ತೆ, ನಿಮ್ ಶ್ವಾಸ ಆಗ್ಲೇ ವಿಸಲ್‌ಗೆ ಅರ್ಧ ಹೋಗಿರುತ್ತೆ. ಆದ್ರೂ ಕೈ ನೇರ ಇತ್ತು, ಹಾರಿದ್ದು ನೇರ ಇತ್ತು ಅಂದ್ರೆ ಬಿಡಿ. ಅಟ್ಯಾಕರ್‌ಗೂ ಸಿಲಿಂಡರ್ ಇದೆ ಅನ್ನೋದು ಮಾತ್ರ ಮರೀಬೇಡಿ. ಶೂಟರ್ ಹೊಟ್ಟೆಗೆ ಅಂಟ್ಕೊಂಡು ನಿಂತು ಅವನಿಗೆ ಬಾಲ್ ಎತ್ತೋಕೂ ಜಾಗ ಕೊಡದೆ, ಆಮೇಲೆ ಮೊಣಕೈ ತಗುಲ್ತು ಸಾರ್ ಅನ್ನೋನು ಮೊದಲು ತಾನೇ ಒಳಗೆ ಬಂದಿದಾನೆ.

ಢಿಕ್ಕಿ ಆದಾಗ ತಪ್ಪು ಡಿಫೆಂಡರ್‌ದಾದ್ರೆ ಬ್ಲಾಕ್, ಅಟ್ಯಾಕರ್‌ದಾದ್ರೆ ಚಾರ್ಜ್. ಬ್ಲಾಕಾ ಚಾರ್ಜಾ ಅನ್ನೋದರ ಬಗ್ಗೆ ಜಗಳ ಈ ಆಟ ಇರೋವರೆಗೂ ಇರುತ್ತೆ. ಇಲ್ಲಿ ಎಲ್ಲರೂ ಮಾಡೋ ತಪ್ಪು ಏನಂದ್ರೆ, ಡಿಫೆಂಡರ್ ಕಂಬದ ಹಾಗೆ ನಿಂತಿರ್ಬೇಕು ಅನ್ಕೊಳ್ಳೋದು. ರೂಲಲ್ಲಿ ಹಾಗೆಲ್ಲೂ ಇಲ್ಲ. ಒಂದ್ಸಲ ಲೀಗಲ್ ಪೊಸಿಷನ್ ತಗೊಂಡ್ಮೇಲೆ ಅವನು ಪಕ್ಕಕ್ಕೂ ಹಿಂದಕ್ಕೂ ಸರೀಬಹುದು, ನೇರ ಮೇಲಕ್ಕೆ ಹಾರ್ಬಹುದು, ಗುದ್ದು ಬರುತ್ತೆ ಅಂತ ಮೈ ತಿರುಗಿಸ್ಕೋಬಹುದು, ಕಾಂಟ್ಯಾಕ್ಟ್ ಎದೆಗೆ ಬಿತ್ತು ಅಂದ್ರೆ ಅವನೇ ಮೊದಲು ಅಲ್ಲಿದ್ದ ಅಂತ ಲೆಕ್ಕ. ಭುಜ, ತೊಡೆ, ಚಾಚಿದ ಕಾಲು ಇದಕ್ಕೆ ತಗುಲ್ತು ಅಂದ್ರೆ ತಡವಾಗಿ ಬಂದಿರೋ ಸಾಧ್ಯತೆ ಜಾಸ್ತಿ. ಬಾಲ್ ಕೈಲಿರೋನಿಗೆ ಟೈಮು ದೂರ ಕೊಡ್ಬೇಕಂತ ಇಲ್ಲ, ಅವನು ಯಾವಾಗ್ಲೂ ಡಿಫೆನ್ಸ್ ಬರುತ್ತೆ ಅಂತ ರೆಡಿ ಇರ್ಬೇಕು. ಬಾಲ್ ಇಲ್ಲದೋನಿಗೆ ಕೊಡ್ಬೇಕು, ಅವನ ವೇಗ ನೋಡ್ಕೊಂಡು, ಕಮ್ಮಿ ಅಂದ್ರೂ ಒಂದು ಹೆಜ್ಜೆ. ಗಾಳೀಲಿ ಇರೋನಿಗಂತೂ ಹಾರಿದ ಜಾಗಕ್ಕೇ ವಾಪಸ್ ಇಳಿಯೋ ಹಕ್ಕಿದೆ, ಅವನು ಹಾರಿದ ಮೇಲೆ ದಾರೀಲಿ ಬಂದು ನಿಂತ್ರೆ ಎದೆಗೆ ಬಿದ್ರೂ ಬ್ಲಾಕೇ.

ಬ್ಯಾಸ್ಕೆಟ್ ಕೆಳಗಿನ ಆ ಅರ್ಧವೃತ್ತ, ರಿಂಗ್‌ನ ಮಧ್ಯದ ನೇರ ಕೆಳಗಿಂದ 1.25 ಮೀಟರ್, ಫಿಬಾದಲ್ಲಿ 2010ರಿಂದ ಬಂದಿದ್ದು. ಬಾಲ್ ಹಿಡ್ಕೊಂಡು ಗಾಳೀಲಿರೋ ಅಟ್ಯಾಕರ್ ಶೂಟ್ ಮಾಡ್ತಾನೋ ಪಾಸ್ ಕೊಡ್ತಾನೋ, ಆ ಗೆರೆಗೆ ಕಾಲು ತಾಗಿಸ್ಕೊಂಡು ನಿಂತಿರೋ ಡಿಫೆಂಡರ್‌ಗೆ ಗುದ್ದಿದ್ರೆ ಚಾರ್ಜ್ ಇಲ್ಲ, ಅಟ್ಯಾಕರ್ ಕೈಯೋ ಮೊಣಕಾಲೋ ಅಕ್ರಮವಾಗಿ ಬಳಸಿದ್ರೆ ಬೇರೆ ಮಾತು. ಇಲ್ಲಿ ನಮ್ಮೋರು ಬಹಳ ಜನ ಎಡವೋದು ಏನಂದ್ರೆ, ಚಾರ್ಜ್ ಇಲ್ಲ ಅಂದ್ಮೇಲೆ ಬ್ಲಾಕ್ ಇರ್ಲೇಬೇಕು ಅನ್ಕೊಂಡು ಸೊಂಟಕ್ಕೆ ಎರಡೂ ಕೈ ಇಟ್ಟು ಬ್ಲಾಕ್ ಸಿಗ್ನಲ್ ಕೊಟ್ಬಿಡ್ತಾರೆ. ಅವನು ಒಳಗೇ ನಿಂತು ನೇರ ಕೈ ಎತ್ತಿದ್ರೆ ಮೇಲೆ ಹೇಳಿದ ನೇರ ಹಾರೋ ಸಿಲಿಂಡರ್ ರೂಲ್ ಅಲ್ಲೂ ಅನ್ವಯ ಆಗುತ್ತೆ, ಆಗ ಸರಿಯಾದ ಉತ್ತರ ಏನೂ ಇಲ್ಲ, ಆಟ ಮುಂದುವರೀಲಿ, ಅಷ್ಟೇ. ಇನ್ನೊಂದು, ಎಷ್ಟೋ ಔಟ್‌ಡೋರ್ ಕೋರ್ಟಲ್ಲಿ ಆ ಗೆರೆ ಅಳಿಸಿಹೋಗಿರುತ್ತೆ, ಅರ್ಧ ಗಂಟೆ ಮುಂಚೆ ಹೋಗಿ ಒಂದು ಚೂರು ಸೀಮೆಸುಣ್ಣದಲ್ಲಿ ಎಳ್ಕೊಳ್ಳಿ, ಇಲ್ಲ ಎರಡೂ ಕೋಚ್‌ಗೆ ಮೊದಲೇ ಹೇಳಿ.

ರಿಪ್ಲೇ ಇದ್ರೂ ಇದು ಸುಲಭ ಅಲ್ಲ. 2018ರ ಎನ್‌ಬಿಎ ಫೈನಲ್ಸ್ ಮೊದಲ ಮ್ಯಾಚಲ್ಲಿ, ಕೊನೇ ನಿಮಿಷದಲ್ಲಿ, ಕೆವಿನ್ ಡ್ಯುರಾಂಟ್ ಡ್ರೈವ್ ಮಾಡಿ ಲೆಬ್ರಾನ್ ಜೇಮ್ಸ್‌ಗೆ ಗುದ್ದಿದಾಗ ಮೊದಲು ಚಾರ್ಜ್ ಅಂತ ಕೊಟ್ರು, ಆಮೇಲೆ ರಿಪ್ಲೇ ನೋಡಿ ಬ್ಲಾಕ್ ಮಾಡಿದ್ರು, ಮ್ಯಾಚ್ ಓವರ್‌ಟೈಮ್‌ಗೆ ಹೋಗಿ ಲೆಬ್ರಾನ್ ಟೀಮ್ ಕ್ಲೀವ್‌ಲ್ಯಾಂಡ್ ಸೋತು ಹೋಯ್ತು. ಅಷ್ಟೊಂದು ಕ್ಯಾಮೆರಾ ಇಟ್ಕೊಂಡು ಅವರೇ ಅಲ್ಲಾಡ್ತಾರೆ ಅಂದ್ರೆ ನಮಗೆ ಒಂದೇ ನೋಟ, ಒಂದೇ ಚಾನ್ಸು.

ಈಗ ನಿಜವಾದ ಕಷ್ಟಕ್ಕೆ ಬರೋಣ, ಫೌಲ್ ಥರಾನೇ ಇರೋ ಆದ್ರೆ ಬಿಡ್ಬೇಕಾದ ಕಾಂಟ್ಯಾಕ್ಟು. ಅಮೆರಿಕದ ರೆಫ್ರಿಗಳು ಡ್ರಿಬ್ಲರ್ ವಿಷಯಕ್ಕೆ ನಾಲ್ಕು ಪ್ರಶ್ನೆ ಕೇಳ್ಕೋತಾರೆ: ಅವನ ಲಯ ಕೆಟ್ಟಿತಾ, ವೇಗ ಕಮ್ಮಿ ಆಯ್ತಾ, ಬ್ಯಾಲೆನ್ಸ್ ತಪ್ಪಿತಾ, ಚುರುಕುತನ ಹೋಯ್ತಾ. ನನಗೆ ಇದು ರೂಲ್ ಬುಕ್ಕಿನ ಎಷ್ಟೋ ಪೇಜಿಗಿಂತ ಉಪಯೋಗಕ್ಕೆ ಬಂದಿದೆ. ಗಾರ್ಡ್ (ಬಾಲ್ ಮುಂದೆ ತರೋ ಪ್ಲೇಯರ್) ಬಾಲ್ ತರ್ತಿರ್ತಾನೆ, ಡಿಫೆಂಡರ್ ಬೆರಳು ಸೊಂಟಕ್ಕೆ ಒಂದ್ಸಲ ತಾಗಿ ಹೋಯ್ತು, ಗಾರ್ಡ್ ಅದೇ ಸ್ಪೀಡಲ್ಲಿ ಅದೇ ಲೈನಲ್ಲಿ ಹೋದ, ಬಿಡಿ. ಅದೇ ಕೈ ಅಲ್ಲೇ ಉಳೀತು, ಇಲ್ಲ ತಾಗಿಸ್ತಾನೆ ತೆಗೀತಾನೆ ಮತ್ತೆ ತಾಗಿಸ್ತಾನೆ, ಇಲ್ಲ ಮುಂಗೈ ಅಡ್ಡ ಇಟ್ಟು ಅವನನ್ನ ಸೈಡ್‌ಲೈನ್ ಕಡೆ ತಿರುಗಿಸ್ತಿದಾನೆ ಅಂದ್ರೆ ಅದು ಡಿಫೆನ್ಸ್ ಅಲ್ಲ ಸ್ಟಿಯರಿಂಗು. ಊದಿ. ಎನ್‌ಬಿಎನಲ್ಲಿ 2004-05ರಿಂದ ಹ್ಯಾಂಡ್ ಚೆಕ್ಕಿಂಗ್ ಮೇಲೆ ಬಿಗಿ ಮಾಡಿದ್ಮೇಲೆ ಗಾರ್ಡ್‌ಗಳ ಆಟ ಹೇಗೆ ಬಿಚ್ಕೊಳ್ತು ಅನ್ನೋದು ನೋಡಿದೋರಿಗೆ ಗೊತ್ತು.

ಅವಸರ ಬೇಡ ಅಂತಾರಲ್ಲ, ಅದಕ್ಕೆ ಅರ್ಥ ಏನಂದ್ರೆ ಆಟದ ತುಣುಕು ಶುರುವಾಗಿ, ಬೆಳೆದು, ಮುಗಿಯೋವರೆಗೂ ಕಣ್ಣು ತೆಗೀಬೇಡಿ, ಆಮೇಲೆ ತೀರ್ಮಾನ ಮಾಡಿ. ಅರ್ಧ ಸೆಕೆಂಡ್ ತಡ ಆದ್ರೆ ಯಾರೂ ಸಾಯಲ್ಲ. ಗಾರ್ಡ್‌ಗೆ ಹಿಪ್ಪಲ್ಲಿ ಸಣ್ಣ ಬಂಪ್ ಬಿತ್ತು, ಅವನು ಬಿಡಿಸ್ಕೊಂಡು ಖಾಲಿ ಲೇನಲ್ಲಿ ಒಳಗೆ ಹೋಗ್ತಿದಾನೆ, ಅಷ್ಟರಲ್ಲಿ ನೀವು ಊದಿ ಸೈಡಿಂದ ಬಾಲ್ ಕೊಟ್ರೆ, ತಪ್ಪು ಮಾಡಿದ ಟೀಮ್‌ಗೇ ಬಹುಮಾನ ಕೊಟ್ಟ ಹಾಗೆ ಆಯ್ತು. ಆದ್ರೆ ಇದನ್ನೇ ನೆಪ ಮಾಡ್ಕೊಂಡು ಕೆಲವರು ಇನ್ನೊಂದು ಕೆಟ್ಟ ಚಾಳಿ ಕಲ್ತಿದಾರೆ, ಲೇಅಪ್‌ನಲ್ಲಿ ಕೈಗೆ ಸರಿಯಾಗೇ ಹೊಡೆದಿರ್ತಾರೆ, ಇವರು ಬಾಲ್ ಒಳಗೆ ಬೀಳುತ್ತಾ ನೋಡ್ತಾರೆ, ಬಿದ್ರೆ ಸುಮ್ನೆ, ಬೀಳದಿದ್ರೆ ಪೀಪೀ. ನನಗೆ ಇದು ಸುತಾರಾಂ ಇಷ್ಟ ಇಲ್ಲ. ಕೈಗೆ ಬಿದ್ದ ಏಟು ಬಾಲ್ ಒಳಗೆ ಹೋದ ಮಾತ್ರಕ್ಕೆ ಮಾಯ ಆಗಲ್ಲ, ಬ್ಯಾಸ್ಕೆಟ್ ಕೌಂಟ್, ಒಂದು ಫ್ರೀ ಥ್ರೋ, ಅದು ಅವನ ಹಕ್ಕು. ಕಾಯೋದು ಕಾಂಟ್ಯಾಕ್ಟ್ ಏನ್ ಮಾಡ್ತು ಅಂತ ನೋಡೋಕೆ, ಸ್ಕೋರ್ ಆಯ್ತಾ ಅಂತ ನೋಡೋಕಲ್ಲ, ಎರಡೂ ಹತ್ತಿರ ಹತ್ತಿರ ಕಂಡ್ರೂ ಒಂದೇ ಅಲ್ಲ.

ಯಾವ್ದನ್ನ ಯಾವತ್ತೂ ಬಿಡ್ಬಾರ್ದು ಅಂದ್ರೆ ಜಂಪ್ ಶೂಟರ್ ಕಾಲ್ ಕೆಳಗೆ ಪಾದ ತೂರಿಸೋದು. 2017ರಲ್ಲಿ ಎನ್‌ಬಿಎ ಪ್ಲೇಆಫ್ ಮ್ಯಾಚಲ್ಲಿ ಕವೈ ಲೆನಾರ್ಡ್ ಶಾಟ್ ಹಾಕಿ ಎದುರಾಳಿ ಪಾದದ ಮೇಲೆ ಇಳಿದು ಆಂಕಲ್ ಮಡಚ್ಕೊಂಡ, ಆ ಸೀರೀಸ್‌ ಅಲ್ಲಿಗೆ ಅವನಿಗೆ ಮುಗೀತು. ಬಾಲ್ ಕೈ ಬಿಟ್ಟಾಗಿರುತ್ತೆ, ಎಲ್ಲರ ಕಣ್ಣು ರಿಂಗ್ ಮೇಲಿರುತ್ತೆ, ನಿಮ್ದು ಮಾತ್ರ ಶೂಟರ್ ಎರಡೂ ಕಾಲು ನೆಲಕ್ಕೆ ಬರೋವರೆಗೂ ಅಲ್ಲೇ ಇರ್ಬೇಕು. ಲಾಭ ನಷ್ಟ ಇಲ್ಲಿ ಕೇಳೋ ಪ್ರಶ್ನೆನೇ ಅಲ್ಲ, ಮಂಡಿ ಆಂಕಲ್ ಪ್ರಶ್ನೆ. ಹಾಗೇ ಫಾಸ್ಟ್ ಬ್ರೇಕಲ್ಲಿ ಮುಂದೆ ಯಾರೂ ಇಲ್ಲದೋನನ್ನ ಹಿಂದಿನಿಂದ ಎಳೆಯೋದು, ತಲೆಗೆ ಕುತ್ತಿಗೆಗೆ ಕೈ ಬರೋದು. ಇವು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಆಟದ ಸ್ಫೂರ್ತಿಗೆ ವಿರುದ್ಧವಾದ ಫೌಲ್) ಹೌದಾ ಅಲ್ವಾ ಅಂತ ಆಮೇಲೆ ಯೋಚಿಸಿ, ವಿಸಲ್ ಮೊದಲು ಬರ್ಲಿ.

ಶಾಟ್ ಮಿಸ್ ಆಗಿ ಬಾಲ್ ವಾಪಸ್ ಬರೋ ರೀಬೌಂಡಲ್ಲಿ ಒಂದು ಕೂಗು ಕೇಳ್ತೀರಾ, "ಓವರ್ ದ ಬ್ಯಾಕ್ ಸಾರ್!" ಅಂತ. ಹಾಗಂತ ಒಂದು ಫೌಲ್ ರೂಲ್ ಬುಕ್ಕಲ್ಲೇ ಇಲ್ಲ. ಎತ್ತರದ ಹುಡುಗ ಹಿಂದಿನಿಂದ ಕೈ ಚಾಚಿ ಬಾಲ್ ತಗೊಂಡ, ಮುಂದಿನೋನು ಒಂದಿಂಚೂ ಅಲ್ಲಾಡ್ಲಿಲ್ಲ ಅಂದ್ರೆ ಅದು ಅವನ ಎತ್ತರ, ಫೌಲ್ ಅಲ್ಲ. ಮುಂದಿನೋನ ಬೆನ್ನು ಬಗ್ತು, ಇಲ್ಲ ಅವನು ಒಂದು ಹೆಜ್ಜೆ ಮುಂದೆ ಹೋಗ್ಲೇಬೇಕಾಯ್ತು ಅಂದ್ರೆ ಅದು ಪುಶಿಂಗ್. ಮತ್ತೆ ಬಾಲ್ ಯಾರಿಗೆ ಸಿಕ್ತು ಅಂತಲೂ ನೋಡಿ, ತಳ್ಳಿಸ್ಕೊಂಡೋನಿಗೇ ಸಿಕ್ಕಿ ಅವನು ಆರಾಮಾಗಿ ಪಾಸ್ ಕೊಟ್ಟಿದ್ರೆ, ಸಣ್ಣ ತಳ್ಳಾಟ ಆಗಿದ್ರೆ, ಬಾಯಲ್ಲೇ ಮುಗಿಸಿ. ಸ್ಕ್ರೀನ್ (ಟೀಮ್‌ಮೇಟ್‌ಗೆ ದಾರಿ ಮಾಡೋಕೆ ಡಿಫೆಂಡರ್‌ಗೆ ಅಡ್ಡ ನಿಲ್ಲೋದು) ಕಥೆನೂ ಅಷ್ಟೇ, ಅಲ್ಲಾಡ್ತಾ ಸ್ಕ್ರೀನ್ ಹಾಕಿದ, ಆದ್ರೆ ಡಿಫೆಂಡರ್ ಆ ಕಡೆ ಹೋಗೋ ಯೋಚನೇಲೇ ಇರ್ಲಿಲ್ಲ, ಬಿಡಿ. ಆ ಸ್ಕ್ರೀನಿಂದಾನೇ ಶೂಟರ್ ಫ್ರೀ ಆದ ಅಂದ್ರೆ ಊದಿ.

ಬಾಯಲ್ಲಿ ಮುಗಿಸೋದು ಅಂದ್ನಲ್ಲ, ಅದು ಒಂದು ಕಲೆ. ಪೋಸ್ಟಲ್ಲಿ, ಅಂದ್ರೆ ಬ್ಯಾಸ್ಕೆಟ್ ಹತ್ರ, ಇಬ್ಬರು ದಪ್ಪ ಹುಡುಗ್ರು ತಳ್ಳಾಡ್ತಿರ್ತಾರೆ, ಬಾಲ್ ಇನ್ನೂ ದೂರ ಹೊರಗಿರುತ್ತೆ. "ಹದಿನಾಲ್ಕು, ಕೈ ಕೆಳಗೆ", "ಎಂಟು, ತಳ್ಬೇಡ", ಇಷ್ಟು ಸಾಕು, ಓಡ್ತಾ ಓಡ್ತಾ ಹೇಳಿ, ಭಾಷಣ ಬೇಡ. ಎರಡನೇ ಸಲ ಹೇಳಿದ್ಮೇಲೂ ಕೇಳದಿದ್ರೆ ಮೂರನೇದಕ್ಕೆ ಮುಷ್ಟಿ ಎತ್ತಿ, ಆಗ ಅವನೂ ವಾದ ಮಾಡಲ್ಲ, ಅವನ ಕೋಚೂ ಮಾಡಲ್ಲ. ಬಾಲ್ ಒಳಗೆ ಬಂದ ಮೇಲೆ ಮಾತ್ರ ಮಾತಿಗೆ ಟೈಮಿಲ್ಲ, ಯಾರು ಯಾರನ್ನ ಜಾಗ ಬಿಡಿಸಿದ್ರು ಅಂತಷ್ಟೇ ನೋಡೋದು.

ಜಾಗ ಅಂದಾಗ ನಿಮ್ಮ ಜಾಗದ ಮಾತೂ ಬರುತ್ತೆ. ನನ್ನ ತಪ್ಪು ಕಾಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ತೀರ್ಮಾನ ಅಲ್ಲ, ತಪ್ಪು ಜಾಗದಲ್ಲಿ ನಿಂತಿದ್ದು. ಇಬ್ಬರ ಮಧ್ಯದ ಸಂದು ನಿಮಗೆ ಕಾಣ್ಬೇಕು. ಡಿಫೆಂಡರ್ ಬೆನ್ನು ಅಟ್ಯಾಕರ್‌ನ ಪೂರ್ತಿ ಮುಚ್ಚಿದ್ರೆ ನೀವು ಊಹೆ ಮಾಡ್ತಿದೀರಾ ಅಷ್ಟೇ. ಬೇಸ್‌ಲೈನಲ್ಲಿ ಲೀಡ್ (ಮುಂದೆ ಇರೋ ರೆಫ್ರಿ) ಆಗಿದ್ರೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ನಿಲ್ಲಿ, ಹತ್ತಿರ ಹೋದಷ್ಟೂ ಚೆನ್ನಾಗಿ ಕಾಣುತ್ತೆ ಅನ್ನೋದು ಸುಳ್ಳು, ಸ್ವಲ್ಪ ದೂರ ನಿಂತು ಕಾಲು ಅಲ್ಲಾಡಿಸ್ದೆ ನೋಡಿದ್ರೆ ಜಾಸ್ತಿ ಕಾಣುತ್ತೆ. ಓಡ್ತಾ ಓಡ್ತಾ ತೆಗೆದ ಫೋಟೋ ಹೆಂಗಿರುತ್ತೆ? ಹಂಗೇ. ಟ್ರೇಲ್ (ಹಿಂದೆ ಇರೋ ರೆಫ್ರಿ) ಆಗಿದ್ರೆ ಶಾಟ್ ಹೋದ ತಕ್ಷಣ ವಾಪಸ್ ಓಡೋಕೆ ತಿರುಗ್ಬೇಡಿ, ಒಳಗಿನ ರೀಬೌಂಡ್ ಪುಶ್ ಎಷ್ಟೋ ಸಲ ನಿಮಗೇ ಕಾಣೋದು. ಇಬ್ಬರೂ ಒಟ್ಟಿಗೆ ಊದಿದ್ರೆ ಮುಷ್ಟಿ ಮೇಲೆ ಇಟ್ಕೊಂಡೇ ಪಾರ್ಟ್ನರ್ ಮುಖ ನೋಡಿ. ಒಬ್ಬ ಬ್ಲಾಕ್ ಅಂತ ಸೊಂಟಕ್ಕೆ ಕೈ ಇಟ್ಟು ಇನ್ನೊಬ್ಬ ಚಾರ್ಜ್ ಅಂತ ಅಂಗೈಗೆ ಗುದ್ದಿದ್ರೆ ಇಡೀ ಕೋರ್ಟು ನಗುತ್ತೆ, ನಾನು ನಗಿಸಿದೀನಿ.

2023 ಜನವರಿ 28ರಂದು ಬಾಸ್ಟನಲ್ಲಿ 105-105 ಇದ್ದಾಗ ಕೊನೇ ಕ್ಷಣದ ಲೇಅಪ್‌ನಲ್ಲಿ ಲೆಬ್ರಾನ್ ಕೈಗೆ ಜೇಸನ್ ಟೇಟಮ್ ಹೊಡೆದಿದ್ದು ಮೂವರು ರೆಫ್ರಿಗಳಲ್ಲಿ ಯಾರೂ ಊದ್ಲಿಲ್ಲ, ಲೆಬ್ರಾನ್ ಟೀಮ್ ಲೇಕರ್ಸ್ ಓವರ್‌ಟೈಮಲ್ಲಿ 125-121 ಸೋತ್ರು. ಟೀಮ್‌ಮೇಟ್ ಪ್ಯಾಟ್ರಿಕ್ ಬೆವರ್ಲಿ ಫೋಟೋಗ್ರಾಫರ್ ಕ್ಯಾಮೆರಾನೇ ತಗೊಂಡು ಬಂದು ರೆಫ್ರಿಗೆ ತೋರಿಸೋಕೆ ಹೋಗಿ ಟೆಕ್ನಿಕಲ್ (ನಡತೆಗೆ ಕೊಡೋ ಫೌಲ್) ತಿಂದ. ಮ್ಯಾಚ್ ಆದ್ಮೇಲೆ ಕ್ರ್ಯೂ ಚೀಫ್, ಅಂದ್ರೆ ಮುಖ್ಯ ರೆಫ್ರಿ, ಕಾಂಟ್ಯಾಕ್ಟ್ ಆಗಿತ್ತು ಅಂತ ಒಪ್ಕೊಂಡ್ರು. ಇದು ಲಾಭ ನಷ್ಟ ತೂಗಿ ಬಿಟ್ಟಿದ್ದಲ್ಲ, ಕಾಣದೇ ಹೋಗಿದ್ದು. ಎನ್‌ಬಿಎ 2015ರಿಂದ ಕ್ಲೋಸ್ ಮ್ಯಾಚ್‌ಗಳ ಕೊನೇ ಎರಡು ನಿಮಿಷದ ರಿಪೋರ್ಟ್ ಹೊರಗೆ ಬಿಡುತ್ತೆ, ಅದರಲ್ಲಿ ಊದದೇ ಇದ್ದಿದ್ದನ್ನೂ ಸರಿ ನೋ ಕಾಲ್, ತಪ್ಪು ನೋ ಕಾಲ್ ಅಂತ ಬೇರೆ ಬೇರೆ ಮಾಡಿ ವಿಡಿಯೋ ಜೊತೆ ಹಾಕ್ತಾರೆ. ಪ್ರಾಕ್ಟೀಸ್‌ಗೆ ಇದಕ್ಕಿಂತ ಒಳ್ಳೇದು ಫ್ರೀಯಾಗಿ ಸಿಗಲ್ಲ, ಮೊದಲು ಕ್ಲಿಪ್ ನೋಡಿ ನೀವು ಬರ್ಕೊಳ್ಳಿ, ಆಮೇಲೆ ಅವರ ಉತ್ತರ ಓದಿ, ನೋಡುವಾಗ ಅವರ ರೂಲ್ಸ್ ಕೆಲವು ಕಡೆ ಬೇರೆ ಅನ್ನೋದು ನೆನಪಿರ್ಲಿ.

ಮೊದಲ ಎರಡು ಮೂರು ನಿಮಿಷದಲ್ಲಿ ನೀವು ಏನ್ ಊದ್ತೀರೋ ಅದೇ ಆ ಮ್ಯಾಚಿನ ಅಳತೆ. ಶುರುವಲ್ಲಿ ಸೊಂಟದ ಮೇಲಿನ ಕೈ ಊದಿ, ಕೊನೇ ಕ್ವಾರ್ಟರಲ್ಲಿ ಅದನ್ನೇ ಬಿಟ್ರೆ ಪ್ಲೇಯರ್‌ಗಳಿಗೆ ತಲೆ ಕೆಡುತ್ತೆ, ಯಾವ್ದು ಓಕೆ ಯಾವ್ದು ಅಲ್ಲ ಅಂತ ಅವರಿಗೆ ಗೊತ್ತಾಗಲ್ಲ. ಮಟ್ಟ ನೋಡಿ ಬದಲಾಗೋದು ಬೇರೆ ವಿಷಯ, ಅಂಡರ್ 14 ಹುಡುಗಿಯರ ಮ್ಯಾಚಲ್ಲಿ ಡ್ರಿಬಲ್ ಮಾಡೋಳ ಬ್ಯಾಲೆನ್ಸ್ ತಪ್ಪಿಸೋಕೆ ಒಂದು ಸಣ್ಣ ಮುಟ್ಟೂ ಸಾಕು, ಸೀನಿಯರ್ಸಲ್ಲಿ ಅದೇ ಮುಟ್ಟನ್ನ ಅವರು ಗಮನಿಸೋದೂ ಇಲ್ಲ. ಪ್ರಶ್ನೆ ಅದೇ, ಉತ್ತರ ಬೇರೆ. ಕೊನೇ ಅರ್ಧ ನಿಮಿಷದಲ್ಲಿ ಮಾತ್ರ ಒಂದು ತಿರುವು ಇದೆ. ಸೋಲ್ತಿರೋ ಟೀಮ್ ಗಡಿಯಾರ ನಿಲ್ಲಿಸೋಕೆ ಬೇಕಂತಲೇ ಫೌಲ್ ಮಾಡೋಕೆ ಬರುತ್ತೆ, ಅಲ್ಲಿ ಮೊದಲ ಸಣ್ಣ ಕಾಂಟ್ಯಾಕ್ಟ್ ಬಿಟ್ರೆ ಎರಡನೇದು ಜೋರಾಗಿರುತ್ತೆ, ಮೂರನೇದು ಜಗಳ. ಬಾಲ್‌ಗೆ ಆಡೋ ಪ್ರಯತ್ನ ಇದ್ರೆ ಮೊದಲನೇದನ್ನೇ ತಗೊಂಡು ಮುಗಿಸಿ.

ಕೋಚ್ ಕೇಳಿದ್ರೆ ಒಂದೇ ವಾಕ್ಯದಲ್ಲಿ ಹೇಳೋಕೆ ಬರ್ಬೇಕು. "ಕೈ ನೇರ ಇತ್ತು ಕೋಚ್", "ತಾಗ್ತು, ಆದ್ರೆ ಬಾಲ್ ಆಗ್ಲೇ ಹೋಗಿತ್ತು". ಹೀಗೆ ಹೇಳೋಕೆ ಆಗದಿದ್ರೆ ನೀವು ಅದನ್ನ ನೋಡಿಲ್ಲ ಅಂತ ಅರ್ಥ, ಆಗ ನೋಡಿಲ್ಲ ಅಂತಲೇ ಹೇಳಿ. ಒಂದ್ಸಲ ಹೇಳಿದೀನಿ, ಆ ಕೋಚ್ ಎರಡು ಸೆಕೆಂಡ್ ನನ್ನೇ ದಿಟ್ಟಿಸಿ ನೋಡಿ "ಸರಿ, ಮುಂದಿನ್ದು ನೋಡಿ" ಅಂತ ಬೆಂಚಲ್ಲಿ ಕೂತ್ರು. ಮುಂದಿನ ಡ್ರೈವ್ ಅದೇ ಕಡೆಯಿಂದ ಬಂತು, ಅದೇ ಇಬ್ರು, ನಾನು ಆಗ್ಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದೆ, ಸಂದು ಪೂರ್ತಿ ಕಾಣ್ತಿತ್ತು, ಡಿಫೆಂಡರ್ ನೇರ ಹಾರ್ದ, ಜೋರಾಗೇ ಗುದ್ದಿದ್ರು. ಊದ್ಲಿಲ್ಲ.